ಅರವತ್ಮೂರು ಗಂಟಿನ ಉಡದಾರ

ನಮ್ಮ ಅಪ್ಪನ ಮೈಯೊಳಗೆ ಎಷ್ಟು ವಿಕಿರಣ ಹೋಗಿದೆ ಎಂಬುದನ್ನು ಎರಡು ವರ್ಷದ ತನಕ ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಹಾಗಂತ ಆದೇಶವಿದೆ. ನಾನೇ ಕಣ್ಣಾರೆ ಓದಿದ್ದೇನೆ. ಹಾಳೆ ದಪ್ಪಗಿದೆ, ಮುದ್ರೆ ದುಂಡಗಿದೆ, ಇಂಗ್ಲಿಷು ಚಂದ ಇದೆ. ಕೆಲಸಗಾರರ ಸುರಕ್ಷತೆಯ ವರದಿಯನ್ನು ಇಂತಿಷ್ಟು ದಿನಕ್ಕೊಮ್ಮೆ ಕೊಡಲೇಬೇಕು ಎಂಬ ನಿಯಮದಿಂದ ಅಣು ವಿದ್ಯುತ್ ಸ್ಥಾವರದವರಿಗೆ ವಿನಾಯಿತಿ ಸಿಕ್ಕಿದೆ. ಇವರು ಕೇಳಿದರು, ಮೇಲಿನವರು ಕೊಟ್ಟರು. ಮುಗಿಯಿತು.

ನನ್ನ ಹೆಸರು ಕೋಮಲ. ಊರು ಭೋಜ. ಸದಲಗಾ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯಲ್ಲಿ ಕೂತು ಮಂದಿಯ ಅರ್ಜಿ ತುಂಬುವುದು ನನ್ನ ಕೆಲಸ. ವಿನಾಯಿತಿ ಎಂಬ ಶಬ್ದವನ್ನು ದಿನಾ ಟೈಪ್ ಮಾಡುತ್ತೇನೆ. ಅದು ಯಾರಿಗಾದರೂ ಸಿಕ್ಕಿದ್ದನ್ನು ಮಾತ್ರ ನೋಡಿರಲಿಲ್ಲ. ನಮ್ಮ ಓಣಿಯ ಸುಗಂಧಕ್ಕ ಗಂಡ ಸತ್ತ ಮೇಲೆ ಒಂದು ಅರ್ಜಿ ಹಾಕಲು ಬಂದಳು. ಕೊನೆಯ ತಾರೀಖು ಹಿಂದಿನ ದಿನ ಮುಗಿದಿತ್ತು. ಕಂಪ್ಯೂಟರು ಬಾಗಿಲು ಹಾಕಿಕೊಂಡಿತ್ತು. ಮಣ್ಣು ಕೊಟ್ಟು ಮೂರನೇ ದಿನಕ್ಕೆ ಬಂದಿದ್ದ ಹೆಂಗಸಿಗೆ ಒಂದು ದಿನದ ವಿನಾಯಿತಿ ಇರಲಿಲ್ಲ. ಸ್ಥಾವರಕ್ಕೆ ಇಪ್ಪತ್ನಾಲ್ಕು ತಿಂಗಳು ಸಿಕ್ಕಿತು. ಇರಲಿ, ದೊಡ್ಡವರಿಗೆ ದೊಡ್ಡ ಅವಸರಗಳಿರುತ್ತವೆ.

ಸ್ಥಾವರದ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೆ ಅವತ್ತೇ ವರದಿ ಹೋಗುತ್ತದೆ. ಅಂಥ ವರದಿಗೆ ಅವರು ಯಾವತ್ತೂ ತಡ ಮಾಡುವುದಿಲ್ಲ.

ನಾವು ಕುರಿ ಕಾಯುವವರು. ದೂಧಗಂಗೆಯ ಎರಡೂ ದಂಡೆಗೆ ಕಬ್ಬು ಬಂತು. ಕಬ್ಬಿನ ನಡುವೆ ಕುರಿಗೆ ಕಾಲಿಡಲು ಜಾಗ ಉಳಿಯಲಿಲ್ಲ. ಒಂದು ಕುರಿ ಒಂದು ಎಲೆ ಕಡಿದರೆ ಹೊಲದವರು ಕುರಿಯನ್ನು ಬಿಟ್ಟು ಅಪ್ಪನನ್ನು ಬಡಿಯುತ್ತಿದ್ದರು. ಆಗ ನಿಪ್ಪಾಣಿಯ ಮುಕಾದಮ ಸಂಭಾಜಿ ಬಂದ. ಅವನು ಕಬ್ಬು ಕಡಿಯುವ ಟೋಳಿ ಕಟ್ಟುವವನು. ಈ ಸಲ ಬೇರೆ ಟೋಳಿ, ಸಮುದ್ರದ ಕಡೆ, ಸರ್ಕಾರಿ ಕೆಲಸದಂಥ ಕೆಲಸ, ಬಿಸಿಲಿಲ್ಲ ಮಳೆಯಿಲ್ಲ, ನೆಲ ಒರೆಸುವುದು ಅಷ್ಟೇ ಅಂದ. ನಮ್ಮ ಓಣಿಯಿಂದ ಹನ್ನೆರಡು ಗಂಡಸರು ಹೋದರು. ನಮ್ಮ ಅಪ್ಪ ಜಕ್ಕಪ್ಪ, ಸುಗಂಧಕ್ಕನ ಗಂಡ ಧರೆಪ್ಪ, ಇನ್ನೂ ಹತ್ತು ಮಂದಿ. ಐದು ವರ್ಷ ಹೋದರು.

ನೆಲ ಒರೆಸುವುದು ಅಂದದ್ದು ಸುಳ್ಳಲ್ಲ. ವರ್ಷಕ್ಕೊಮ್ಮೆ ಸ್ಥಾವರವನ್ನು ನಿಲ್ಲಿಸಿ ರಿಪೇರಿ ಮಾಡುತ್ತಾರೆ. ಆಗ ಒಳಗಿನ ಕೋಣೆಗಳಲ್ಲಿ ಪೈಪಿನ ಕೆಳಗೆ ಸೋರಿದ ನೀರನ್ನು ಅರಿವೆಯಿಂದ ಒರೆಸಬೇಕು. ಓದಿದವರು ಅಲ್ಲಿಗೆ ಹೋಗುವುದಿಲ್ಲ. ಅಪ್ಪ ಕುಳ್ಳ. ಪೈಪಿನ ಕೆಳಗೆ ಸಲೀಸಾಗಿ ತೂರುತ್ತಾನೆ ಅಂತ ಅವನನ್ನೇ ಮೊದಲು ಕಳಿಸುತ್ತಿದ್ದರು. ಮೈತುಂಬ ಪ್ಲಾಸ್ಟಿಕ್ಕಿನ ಅಂಗಿ. ಅದೂ ಮಂದಿ ಹಾಕಿ ಬಿಟ್ಟದ್ದು, ಮೊಳಕಾಲ ಹತ್ತಿರ ಹರಿದದ್ದು. ಒಳಗೆ ಸುಡುಸುಡು ಸೆಕೆ. ಬೆವರು ಸುರಿದು ಗಂಬೂಟಿನಲ್ಲಿ ನಿಲ್ಲುತ್ತಿತ್ತು. ಮೊಳಕಾಲೂರಿ ಒರೆಸುವುದು, ಹಿಂಡುವುದು, ಡಬ್ಬಿಗೆ ಹಾಕುವುದು. ಎದೆಯ ಮೇಲೆ ಒಂದು ಬಿಲ್ಲೆ. ಮೈಗೆ ಎಷ್ಟು ತಗುಲಿತು ಎಂದು ಅದು ಅಳೆಯುತ್ತದಂತೆ. ಕೊರಳಲ್ಲಿ ಇನ್ನೊಂದು ಸಣ್ಣ ಡಬ್ಬಿ. ಅದು ಕೂಗಿದರೆ ಹೊರಗೆ ಓಡಬೇಕು. ಎರಡು ಮಿನಿಟಿಗೇ ಕೂಗುತ್ತಿತ್ತು. ಓಡಿಬಂದವನನ್ನು ಸಂಭಾಜಿ ಬಾಗಿಲಲ್ಲೇ ನಿಲ್ಲಿಸಿ, ಇನ್ನೊಂದು ಮೂಲೆ ಉಳಿದಿದೆ, ಚಲ್ ಅನ್ನುತ್ತಿದ್ದ.

ಕೊನೆಯ ದಿನ ಬಿಲ್ಲೆ ಕಿತ್ತುಕೊಂಡು, ವರದಿ ಮನೆಗೆ ಬರುತ್ತದೆ ಅನ್ನುತ್ತಿದ್ದರು. ಐದು ವರ್ಷದಲ್ಲಿ ಒಂದೂ ಬರಲಿಲ್ಲ.

ಅವರ ಬಿಲ್ಲೆಯ ಜೊತೆ ಅಪ್ಪ ತನ್ನದೂ ಒಂದು ಇಟ್ಟುಕೊಂಡಿದ್ದ. ಅದು ಅವನ ಉಡದಾರ. ನಮ್ಮಲ್ಲಿ ಗಂಡುಮಗುವಿನ ಸೊಂಟಕ್ಕೆ ಕರಿ ಉಣ್ಣೆಯ ದಾರ ಕಟ್ಟುತ್ತಾರೆ. ಹಳತಾದಂತೆ ಹೊಸದು ಕಟ್ಟಿಕೊಂಡು ಆಮೇಲೆ ಹಳೆಯದನ್ನು ಬಿಚ್ಚುತ್ತಾರೆ. ಸೊಂಟ ಬರಿದಾಗುವುದು ಸತ್ತ ದಿನ ಮಾತ್ರ. ಅವತ್ತು ಮಗ, ಮಗನಿಲ್ಲದಿದ್ದರೆ ಮಗಳು, ಅದನ್ನು ಹರಿದು ಹೆಣದ ಜೊತೆ ಕುಣಿಗೆ ಹಾಕುತ್ತಾನೆ. ಸ್ಥಾವರದಲ್ಲಿ ಮೊದಲನೇ ದಿನ ಬಟ್ಟೆ ಬಿಚ್ಚುವ ಕೋಣೆಯ ಗಾರ್ಡು ಅದನ್ನೂ ಬಿಚ್ಚಲು ಹೇಳಿದ. ಹನ್ನೆರಡು ಮಂದಿಯೂ ವಾಪಸ್ಸು ಅಂಗಿ ತೊಟ್ಟು ನಿಂತರು. ಟೋಳಿ ಕೈಬಿಡುತ್ತದೆ ಎಂದು ಹೆದರಿದ ಸಂಭಾಜಿ ಗಾರ್ಡಿನ ಕಿವಿಯಲ್ಲಿ ಏನೋ ಹೇಳಿದ. ಉಡದಾರ ಸೊಂಟದಲ್ಲೇ ಉಳಿಯಿತು. ಎಲ್ಲರೂ ಅದರ ಸಮೇತ ಒಳಗೆ ಹೋದರು, ಅದರ ಮೇಲೆಯೇ ಬೆವೆತರು, ಅದರ ಸಮೇತ ಊರಿಗೆ ಬಂದರು.

ಕುರಿ ಕಾಯುವವನು ಮರಿ ಎಷ್ಟು ಎಂಬುದನ್ನು ಉಣ್ಣೆದಾರದ ಗಂಟಿನಲ್ಲಿ ಇಡುತ್ತಾನೆ. ಅಪ್ಪ ಒಳಗೆ ಹೋಗಿಬಂದ ಪ್ರತಿ ಸಲ ಉಡದಾರದ ಬಾಲಕ್ಕೆ ಒಂದು ಗಂಟು ಹಾಕಿದ. ಅವನ ವರದಿ ಒಂದು ದಿನವೂ ತಡವಾಗಲಿಲ್ಲ.

ಹೊರಗೆ ಬರುವ ದಾರಿಯಲ್ಲಿ ಒಂದು ಚೌಕಟ್ಟು ಇತ್ತಂತೆ. ಮೈಗೆ ಏನಾದರೂ ಅಂಟಿದ್ದರೆ ಅದು ಗಂಟೆಯಂತೆ ಬಡಿದುಕೊಳ್ಳುತ್ತದೆ. ಅಪ್ಪ ಹಾದಾಗಲೆಲ್ಲ ಬಡಿದುಕೊಂಡಿತು. ಒಳಗೆ ಕಳಿಸಿ ಬ್ರಶ್ಶಿನಿಂದ ತಿಕ್ಕಿದರು. ತೊಗಲು ಕಿತ್ತು ರಕ್ತ ಬಂದರೂ ತಿಕ್ಕಿದರು. ಮತ್ತೂ ಬಡಿದುಕೊಂಡಿತು. ಟವೆಲಿನ ಕೆಳಗಿನ ದಾರವನ್ನು ಯಾರೂ ನೋಡಲಿಲ್ಲ. ಕಡೆಗೆ ಚೌಕಟ್ಟು ಕೆಟ್ಟಿದೆ ಎಂದು ತೀರ್ಮಾನಿಸಿ ಆರಿಸಿಟ್ಟರು. ಕೆಟ್ಟಿದ್ದಕ್ಕೂ ವರದಿ ಬರೆಯಬೇಕು. ಅದಕ್ಕೂ ವಿನಾಯಿತಿ ಇತ್ತು.

ಹೋದ ವರ್ಷ ಧರೆಪ್ಪ ಸತ್ತ. ರಕ್ತ ಕೆಟ್ಟಿತ್ತು ಅಂದರು. ಈ ವರ್ಷ ಅಪ್ಪನ ವಸಡಿನಲ್ಲಿ ರಕ್ತ ಒಸರತೊಡಗಿತು. ಮೂರು ಕುರಿ ಹೊತ್ತು ಹೊಳೆ ದಾಟುತ್ತಿದ್ದ ಮನುಷ್ಯ ಕೊಡ ಎತ್ತಲಾರದೆ ಕೂತುಬಿಟ್ಟ. ಅವ್ವ ದುಂಡವ್ವ ಮಂಗಸೂಳಿಯ ಮಲ್ಲಯ್ಯನಿಗೆ ಹರಕೆ ಹೊತ್ತಳು. ನಾನು ಮಿರಜದ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಒಳ್ಳೆಯವರು, ನೇರ ಹೇಳಿದರು. ಈ ಜಡ್ಡಿಗೆ ಸ್ಥಾವರದವರದೇ ದೊಡ್ಡ ದವಾಖಾನೆ ಇದೆ. ವಿಕಿರಣ ತಗುಲಿದ ಕೆಲಸಗಾರರನ್ನು ಅಲ್ಲಿ ಸೇರಿಸಿಕೊಂಡು ಕೊನೆಯ ತನಕ ನೋಡುತ್ತಾರೆ. ಆದರೆ ತಗುಲಿದೆ ಎಂಬ ಸ್ಥಾವರದ ಕಾಗದ ಬೇಕು. ಬೇಗ ತನ್ನಿ, ನಿಮ್ಮ ಕೈಯಲ್ಲಿ ಇರುವುದು ಕೆಲವೇ ತಿಂಗಳು.

ಅಪ್ಪನನ್ನು ಕರೆದುಕೊಂಡು ಸ್ಥಾವರಕ್ಕೆ ಹೋದೆ. ಗೇಟಿನ ಒಳಗೆ ಬಿಡಲಿಲ್ಲ. ರಸ್ತೆಯ ಈ ಕಡೆ, ಬೇಲಿಯ ಹೊರಗೆ, ಮಾಹಿತಿ ಕೇಂದ್ರ ಎಂಬ ಚಂದದ ಕಟ್ಟಡವಿದೆ. ಸಾಲೆಯ ಮಕ್ಕಳನ್ನು ಕರೆತಂದು, ಅಣುಶಕ್ತಿ ಎಷ್ಟು ಸುರಕ್ಷಿತ ಎಂದು ತೋರಿಸುವ ಜಾಗ. ಸುರಕ್ಷತಾ ವರದಿಯ ಅಧಿಕಾರಿ ಅಲ್ಲಿ ಕೂತಿದ್ದ. ಅವನ ಹೆಸರು ಸಮಾಧಾನ. ಹೆತ್ತವರು ತಿಳಿದೇ ಇಟ್ಟಿರಬೇಕು. ನೀರು ಕೊಟ್ಟ, ಕುರ್ಚಿ ಕೊಟ್ಟ, ಅಪ್ಪನನ್ನು ಕಾಕಾ ಅಂದ. ಕಾಗದ ಒಂದನ್ನು ಮಾತ್ರ ಕೊಡಲಿಲ್ಲ.

ಗುತ್ತಿಗೆ ಕೂಲಿಯವರ ವರದಿ ಈಗ ಎರಡು ವರ್ಷಕ್ಕೊಮ್ಮೆ, ಮುಂದಿನದು ಬರುವ ವರ್ಷದ ಮಾರ್ಚಿಗೆ, ಅಲ್ಲಿಯ ತನಕ ಯಾವ ಅಂಕಿಯನ್ನೂ ಹೊರಗೆ ಕೊಡುವಂತಿಲ್ಲ ಎಂದು ಬಿಡಿಸಿ ಹೇಳಿದ. ಆದೇಶವನ್ನು ನನ್ನ ಮುಂದೆಯೇ ಇಟ್ಟ. ಅರ್ಜಿ ತುಂಬುವವಳು ನಾನು, ಕೊನೆಯ ಸಾಲಿನ ತನಕ ಓದುವ ಚಟ. ಓದಿದೆ. ಗುತ್ತಿಗೆ ಕೂಲಿಯವರ ವಿಳಾಸ ಮೇಲಿಂದ ಮೇಲೆ ಬದಲಾಗುವುದರಿಂದ ವರದಿ ಕಳಿಸುವುದು ಸಿಬ್ಬಂದಿಗೆ ಅನಗತ್ಯ ಹೊರೆ ಎಂದಿತ್ತು. ನಮ್ಮ ಅಪ್ಪ ಹುಟ್ಟಿದ್ದು ಭೋಜ, ಇರುವುದು ಭೋಜ. ಡಬ್ಬಿ ಹೊತ್ತವನು ಅವನು, ಹೊರೆಯಾದದ್ದು ಅವರಿಗೆ. ಈ ವಿನಾಯಿತಿಯಿಂದ ಜನರ ಆರೋಗ್ಯಕ್ಕೆ ಅತಿಯಾದ ಅಪಾಯವಿಲ್ಲ ಎಂದೂ ಇತ್ತು. ಅತಿಯಲ್ಲದ ಅಪಾಯ ಎಂದರೆ ಎಷ್ಟು ಎಂದು ಹುಡುಕಿದೆ. ಅದನ್ನು ಎಲ್ಲೂ ಬರೆದಿರಲಿಲ್ಲ. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. ಬೇಲಿಯ ಹೊರಗೆ ವಿಕಿರಣ ಅಂಟಿದ ವಸ್ತು ಸಿಕ್ಕರೆ ಮಾತ್ರ ಈ ವಿನಾಯಿತಿ ಇಲ್ಲ, ನಾಲ್ಕು ತಾಸಿನೊಳಗೆ ಅದನ್ನು ವಶಕ್ಕೆ ಪಡೆದು, ಅಳೆದು, ಕಾರಣ ಸಹಿತ ವರದಿ ಮಾಡಬೇಕು.

ಮಾರ್ಚಿನ ತನಕ ಅಪ್ಪ ಇರುವುದಿಲ್ಲ ಎಂದೆ. ಹಾಗಾದರೆ ದವಾಖಾನೆಯಿಂದ ಬರೆಸಿಕೊಂಡು ಬಾ, ವಿಶೇಷ ಪ್ರಕರಣ ಎಂದು ನೋಡುತ್ತೇವೆ ಎಂದ. ದವಾಖಾನೆಯವರು ನಿಮ್ಮ ಕಾಗದ ಕೇಳುತ್ತಾರೆ ಎಂದೆ. ಹುಚ್ಚು ಬಿಡುವ ತನಕ ಮದುವೆ ಆಗಲ್ಲ, ಮದುವೆ ಆಗುವ ತನಕ ಹುಚ್ಚು ಬಿಡಲ್ಲ. ನಾನು ಅತ್ತುಬಿಟ್ಟೆ. ಅವನ ಮುಂದೆ ಅತ್ತದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ನನ್ನ ಅಳು ನೋಡಿ ಸಮಾಧಾನನಿಗೆ ಕನಿಕರ ಬಂದಿರಬೇಕು. ಮೇಜಿನ ಮೇಲೆ ಮಕ್ಕಳಿಗೆ ತೋರಿಸುವ ಒಂದು ಅಳತೆಯ ಯಂತ್ರವಿತ್ತು. ಬಾಳೆಹಣ್ಣಿನ ಮೇಲೆ, ಕಲ್ಲಿನ ಮೇಲೆ ಹಿಡಿದು, ವಿಕಿರಣ ಎಲ್ಲದರಲ್ಲೂ ಇದೆ, ಹೆದರಬೇಡಿ ಎನ್ನುವುದಕ್ಕೆ ಇಟ್ಟದ್ದು. ಅದನ್ನು ತೆಗೆದುಕೊಂಡು ಎದ್ದು ಬಂದ.

"ನೋಡವಾ ತಂಗಿ, ಕಾಕಾಗ ಏನೂ ಆಗಿಲ್ಲ. ನಿನ್ನ ಕಣ್ಣ ಮುಂದ ತೋರಿಸ್ತೀನಿ" ಎಂದ.

ಅಪ್ಪನ ತಲೆಯ ಮೇಲೆ ಹಿಡಿದ. ಯಂತ್ರ ಟಕ್, ಟಕ್ ಎಂದಿತು. ಎದೆಯ ಮೇಲೆ ಹಿಡಿದ. ಅಷ್ಟೇ. ಬಾಳೆಹಣ್ಣಿಗಿಂತ ಕಡಿಮೆ ಎಂದು ನಕ್ಕ. ನಗುತ್ತಲೇ ಸೊಂಟಕ್ಕೆ ಇಳಿಸಿದ. ಯಂತ್ರ ಒಂದೇ ಸಮನೆ ಒದರಿತು.

ಸಮಾಧಾನ ಮೂರು ಹೆಜ್ಜೆ ಹಿಂದಕ್ಕೆ ಹೋದ. ಕುರ್ಚಿ ಬಿತ್ತು. ಅಪ್ಪ ಮೆಲ್ಲಗೆ ಅಂಗಿ ಎತ್ತಿ ತೋರಿಸಿದ. ಕರಿ ಉಡದಾರ, ಬಾಲದ ತುಂಬ ಗಂಟು.

ಆಮೇಲೆ ನೋಡಬೇಕಿತ್ತು ಆ ಕಚೇರಿಯ ಚುರುಕುತನವನ್ನು. ಐದು ವರ್ಷದಲ್ಲಿ ಒಂದು ಪೋಸ್ಟಕಾರ್ಡು ಬರೆಯದವರು ಐದು ಮಿನಿಟಿನಲ್ಲಿ ನಾಲ್ಕು ಫೋನು ಮಾಡಿದರು. ಹಳದಿ ಚೀಲ ಬಂತು, ಉದ್ದನೆಯ ಇಕ್ಕಳ ಬಂತು, ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು ಗಾರ್ಡು ಬಂದರು. ಬಾಗಿಲಿಗೆ ಹಗ್ಗ ಕಟ್ಟಿದರು. ಸ್ಥಾವರದ ವಿಕಿರಣವನ್ನು ಅನುಮತಿ ಇಲ್ಲದೆ ಹೊರಗೆ ಒಯ್ದಿದ್ದೇನೆ ಎಂದು ಬರೆದ ಹಾಳೆ ತಂದು, ಹೆಬ್ಬೆಟ್ಟು ಒತ್ತಿ ದಾರ ಹರಿದು ಕೊಟ್ಟರೆ ಪೊಲೀಸ್ ಕೇಸು ಮಾಡುವುದಿಲ್ಲ ಎಂದರು. ಮೈಯೊಳಗೆ ಹೋದದ್ದು ಅಪ್ಪನ ಪಾಲು, ದಾರಕ್ಕೆ ಅಂಟಿದ್ದು ಸ್ಥಾವರದ ಆಸ್ತಿ. ಅಪ್ಪ ಕಳ್ಳನಾದ.

ಅಪ್ಪ ಕುರ್ಚಿಯಿಂದ ಇಳಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ದೊಡ್ಡಿಯ ಬಾಗಿಲಲ್ಲಿ ಕೂರುವ ಹಾಗೆಯೇ ಕೂತ.

"ಉಡದಾರ ಹರಿಯೂದು ಸತ್ತಮ್ಯಾಲ್ರಿ ಸಾಹೇಬ್ರ. ನಾ ಇನ್ನೂ ಅದೀನಿ" ಎಂದ.

ಗಾರ್ಡುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪನನ್ನು ಮುಟ್ಟಲು ಇಬ್ಬರಿಗೂ ಧೈರ್ಯವಿರಲಿಲ್ಲ. ಐದು ವರ್ಷ ಇವರ ಪರವಾಗಿ ಎಲ್ಲವನ್ನೂ ಮುಟ್ಟಿದ ಮನುಷ್ಯ ಅವನು. ಆಗ ನನ್ನ ತಲೆಯಲ್ಲಿ ಆ ಸಣ್ಣ ಅಕ್ಷರದ ಸಾಲು ಎದ್ದು ನಿಂತಿತು. ಗಡಿಯಾರ ನೋಡಿದೆ. ಹನ್ನೊಂದೂಕಾಲು. ಅಪ್ಪನ ಪಕ್ಕ ನೆಲದ ಮೇಲೆ ನಾನೂ ಕೂತೆ. ಹೆಬ್ಬೆಟ್ಟು ಒತ್ತುವುದಿಲ್ಲ, ದಾರವನ್ನೂ ಕೊಡುವುದಿಲ್ಲ, ಮೊದಲು ಅಳೆದು, ನೀವು ಮೇಲಕ್ಕೆ ಕಳಿಸುವ ವರದಿಯ ಒಂದು ಪ್ರತಿಯನ್ನು ಸಹಿ ಹಾಕಿ ನಮಗೆ ಕೊಡಿ ಎಂದೆ. ದಾರದ ವರದಿಗೆ ನಿಮಗೆ ವಿನಾಯಿತಿ ಇಲ್ಲ, ಮೂರೂಕಾಲರ ತನಕ ಸಮಯವಿದೆ ಎಂದೆ.

ಮೊದಲು ಗದರಿಸಿದರು. ಆಮೇಲೆ ಚಹಾ ತರಿಸಿದರು. ಸಂಭಾಜಿಗೆ ಫೋನು ಹಚ್ಚಿ, ಇಕ್ಕಳದಲ್ಲಿ ಹಿಡಿದು ಅಪ್ಪನ ಕೈಗೆ ಕೊಟ್ಟರು. ಅವನು ಅಲ್ಲಿಂದ ಏನು ಬೊಗಳಿದನೋ, ಅಪ್ಪ ಕೇಳಿ ಫೋನು ವಾಪಸ್ಸು ಕೊಟ್ಟ. ಒಂದು ಗಂಟೆಗೆ ಅಪ್ಪನ ಮೂಗಿನಿಂದ ರಕ್ತ ಬಂತು. ಟವೆಲಿನಿಂದ ಒತ್ತಿ ಹಿಡಿದೆ. ಯಾರೂ ಹಗ್ಗ ದಾಟಿ ಬರಲಿಲ್ಲ. ಎರಡು ಗಂಟೆಗೆ ಸಮಾಧಾನನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಸ್ವಲ್ಪ ಅವಸರ ಮಾಡಿ ಕಾಕಾ ಎಂದು ಕೈಮುಗಿದ.

"ನನಗೇನ ಅವಸರಿಲ್ರಿ. ಎರಡ ವರ್ಷ ಕೂಡ್ರಂದ್ರೂ ಕೂಡ್ರತೀನಿ" ಎಂದ ಅಪ್ಪ.

ಎರಡೂವರೆಗೆ ಬರೆದರು. ನಾನು ಹಾಳೆ ಇಸಿದುಕೊಂಡು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿದೆ. ವಸ್ತು, ಕರಿ ದಾರ ಒಂದು. ಸಿಕ್ಕ ಸ್ಥಳ, ಜಕ್ಕಪ್ಪ ಎಂಬ ವ್ಯಕ್ತಿಯ ಸೊಂಟ. ಕಾರಣ, ಗೊತ್ತಿಲ್ಲ. ಐದು ವರ್ಷ ದುಡಿದವನು ಕಡೆಗೆ ಒಂದು ಸ್ಥಳವಾಗಿದ್ದ. ದಾರ ಅಲ್ಲಿ ಬಿದ್ದಿತ್ತು, ಇವರಿಗೆ ಸಿಕ್ಕಿತು.

"ಕಾರಣ ಗೊತ್ತೈತಿ. ಬರ್ಕೋರಿ" ಎಂದ ಅಪ್ಪ.

ಅಂಗಿ ಎತ್ತಿ, ಉಡದಾರದ ಬಾಲ ಹಿಡಿದು, ಗಂಟು ಎಣಿಸತೊಡಗಿದ. ಒಂದೊಂದು ಗಂಟಿಗೂ ಹೇಳಿದ. ಇದು ಮೊದಲನೇ ವರ್ಷ, ದೊಡ್ಡ ಪೈಪಿನ ಕೆಳಗೆ. ಇದು ಡಬ್ಬಿ ಕೂಗಿದ ಮೇಲೂ ಮೂಲೆ ಒರೆಸಿದ್ದು. ಇದು ಅಂಗಿ ಹರಿದಿದ್ದ ದಿನ. ಇದು ಧರೆಪ್ಪನ ಜೊತೆ ಹೋದದ್ದು, ಧರೆಪ್ಪ ಒಳಗೇ ವಾಂತಿ ಮಾಡಿದ. ಕುರಿಯ ಮುಖ ಮರೆಯದವನು ಇದನ್ನು ಮರೆಯುತ್ತಾನೆಯೇ? ಇಪ್ಪತ್ತನೇ ಗಂಟಿಗೆ ಸಮಾಧಾನ ಸಾಕು ಎಂದ. ಅಪ್ಪ ಬಾಲ ಕೈಬಿಟ್ಟು ಅಂಗಿ ಇಳಿಸಿದ. ಗಡಿಯಾರ ನೋಡಿ ಸಮಾಧಾನನೇ ಮತ್ತೆ ಪೆನ್ನು ಹಿಡಿದ. ಅರವತ್ಮೂರಕ್ಕೆ ನಿಂತಿತು. ಆಗ ಮೂರು ಗಂಟೆ ದಾಟಿತ್ತು.

ಬರೆದರು. ಜಕ್ಕಪ್ಪ, ಕೆಲಸಗಾರ, ಭೋಜ. ಅರವತ್ಮೂರು ಸಲ ಒಳಗೆ ಹೋಗಿದ್ದಾನೆ, ದಾರ ಪ್ರತಿ ಸಲವೂ ಮೈಮೇಲಿತ್ತು. ಯಂತ್ರ ತೋರಿಸಿದ ಅಂಕಿ ಇಷ್ಟು. ಸಹಿ, ಮುದ್ರೆ, ತಾರೀಖು, ವೇಳೆ. ಪ್ರತಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೆ.

ಗಾರ್ಡು ಇಕ್ಕಳದ ತುದಿಯಲ್ಲಿ ಕತ್ತರಿ ಹಿಡಿದು ದೂರದಿಂದ ಚಾಚಿದ. ಅಪ್ಪ ಅವನ ಕಡೆ ನೋಡಲಿಲ್ಲ.

"ನೀ ಹರಿ, ಮಗಳ. ಹ್ಯಾಂಗೂ ನೀನ ಹರಿಯಾಕಿ. ಒಂದೀಟ ಮೊದಲ ಆತು, ಅಷ್ಟ" ಎಂದ.

ನಾನು ಹರಿದೆ. ಉಣ್ಣೆ ಬೆವರಿಗೆ ಗಟ್ಟಿಯಾಗಿತ್ತು, ಎರಡು ಸಲ ಕತ್ತರಿ ಆಡಿಸಬೇಕಾಯಿತು. ಅಪ್ಪ ಎದ್ದು ಕಣ್ಣು ಮುಚ್ಚಿ ನಿಂತಿದ್ದ. ಉಸಿರಾಡುವ ಅಪ್ಪನ ಉಡದಾರ ಹರಿದ ಕೈ ಇದು. ಈ ಪಾಪಕ್ಕೆ ನಾನು ಅವರನ್ನು ಕ್ಷಮಿಸುವುದಿಲ್ಲ. ದಾರ ಹಳದಿ ಚೀಲದೊಳಗೆ ಹೋಯಿತು. ಸಮಾಧಾನ ಮೂರು ಗಂಟೆ ಹನ್ನೆರಡು ಮಿನಿಟಿಗೆ ವರದಿ ಕಳಿಸಿ, ವೇಳೆಯೊಳಗೆ ಆಯಿತು ಎಂದು ಮುಖ ಒರೆಸಿಕೊಂಡ.

ಮನೆಯಲ್ಲಿ ಬರಿ ಸೊಂಟ ನೋಡಿ ಅವ್ವ ಚೀರಿದಳು. ಅವತ್ತೇ ಹೊಸ ದಾರ ಹೊಸೆದು ಕಟ್ಟಿದಳು. ಆ ಕಾಗದದ ಮೇಲೆ ಅಪ್ಪನಿಗೆ ದವಾಖಾನೆಯಲ್ಲಿ ಜಾಗ ಸಿಕ್ಕಿತು. ಉಳಿಯುತ್ತಾನೋ ಇಲ್ಲವೋ ಅವರು ಹೇಳುತ್ತಿಲ್ಲ. ಮಂಚದ ಮೇಲೆ ಮಲಗಿ, ಹೊಸ ಉಡದಾರಕ್ಕೆ ದಿನಕ್ಕೊಂದು ಗಂಟು ಹಾಕುತ್ತಿದ್ದಾನೆ.

ಮುಂದಿನ ಸೋಮವಾರ ಮುಂಜಾನೆ ಮತ್ತೆ ಆ ಮಾಹಿತಿ ಕೇಂದ್ರಕ್ಕೆ ಹೋದೆ. ಈ ಸಲ ಅಪ್ಪ ದವಾಖಾನೆಯಲ್ಲಿದ್ದ. ಟೋಳಿಯ ಉಳಿದ ಹತ್ತೂ ಮಂದಿ ನನ್ನ ಜೊತೆಗಿದ್ದರು. ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ಅಂಗಿ ಎತ್ತಿದರು. ಹತ್ತು ಸೊಂಟ, ಹತ್ತು ಹಳೆಯ ಕರಿ ಉಡದಾರ. ನನ್ನ ಚೀಲದಲ್ಲಿ ಕತ್ತರಿ ಇತ್ತು, ಅದನ್ನು ಇನ್ನೂ ತೆಗೆದಿರಲಿಲ್ಲ. ಸಮಾಧಾನ ಯಂತ್ರ ಮುಟ್ಟಲು ಹಿಂದೆಮುಂದೆ ನೋಡುತ್ತಿದ್ದ. ಎಲ್ಲರ ಹಿಂದೆ ನಿಂತಿದ್ದ ಸುಗಂಧಕ್ಕ ಮುಂದೆ ಬಂದು ಮೇಜು ಹಿಡಿದು ನಿಂತಳು.

"ನನ್ನ ಗಂಡನ ಉಡದಾರ ಅವನ ಜೋಡಿ ಮಣ್ಣಾಗೈತ್ರಿ. ಆ ಮಣ್ಣ ನಿಮ್ಮ ಬೇಲಿ ಹೊರಗೈತಿ. ಯಾವಾಗ ಬರ್ತೀರಿ ಅಳ್ಯಾಕ?"

ಸಮಾಧಾನ ಗಡಿಯಾರ ನೋಡಿದ. ನಾಲ್ಕು ತಾಸು ಆಗಲೇ ಶುರುವಾಗಿತ್ತು.